ಹವಾಮಾನ ಸಮ್ಮೇಳನದ ಬಾಗಿಲು ತೆರೆದ ಬಗೆ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ, ಎಂದರೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು, ಚಾದರ ಮತ್ತು ಟೆರ್ರಿ ಟವೆಲ್ ನೇಯುವ ಯಂತ್ರಮಗ್ಗಗಳ ನೆಲೆಯಾಗಿದ್ದು, ಮರಾಠಿ, ಕನ್ನಡ, ತೆಲುಗು, ಉರ್ದು ನುಡಿಗಳನ್ನಾಡುವ ಶ್ರಮಜೀವಿಗಳ ಬದುಕು ಅಲ್ಲಿ ಹತ್ತಿ, ನೀರು, ವಿದ್ಯುತ್ತುಗಳನ್ನು ನಂಬಿ ನಿಂತಿದೆ. ಈ ಮೂರರ ಮುಂದಿನ ಗತಿಯನ್ನು ಪ್ರಭಾವಿಸುವ ಮಾತುಕತೆಗಳು ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ನಡೆಯುತ್ತವೆ. ಅಲ್ಲಿಗೆ ಪ್ರತಿನಿಧಿಯಾಗಿ ಹೋಗುವ ಅರ್ಹತೆ ಯಾರಿಗೆ, ಹೇಗೆ ದಕ್ಕಿತು ಎಂಬುದನ್ನು ಅರಿಯಲು ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಮಾನವ ಪರಿಸರ ಸಮ್ಮೇಳನದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಬಡತನವನ್ನು ಬದಿಗಿಟ್ಟು ಪರಿಸರವನ್ನು ಕುರಿತು ಮಾತನಾಡಲಾಗದೆಂದು ವಾದಿಸಿದರು. ಅದೇ ವರ್ಷ ಮಳೆ ಕೈಕೊಟ್ಟು ಸೊಲ್ಲಾಪುರವೂ ಸೇರಿದಂತೆ ಮಹಾರಾಷ್ಟ್ರದ ಒಣ ಜಿಲ್ಲೆಗಳು ಭೀಕರ ಬರಕ್ಕೆ ತುತ್ತಾದದ್ದನ್ನು ನೆನೆದರೆ, ಆ ವಾದ ಈ ಸೀಮೆಯ ಜನರಿಗೆ ಕಣ್ಣೆದುರಿನ ಸತ್ಯವಾಗಿತ್ತು.

ಸ್ಟಾಕ್‌ಹೋಮ್ ಸಮ್ಮೇಳನದ ಇಪ್ಪತ್ತು ವರ್ಷಗಳ ಬಳಿಕ, 1992ರಲ್ಲಿ ರಿಯೊ ಡಿ ಜನೈರೊದ ಭೂಶೃಂಗಸಭೆಯಲ್ಲಿ ಸಹಿಗೆ ತೆರೆದ ಹವಾಮಾನ ಬದಲಾವಣೆಯ ಚೌಕಟ್ಟು ಒಪ್ಪಂದವು 1994ರ ಮಾರ್ಚ್ 21ರಂದು ಜಾರಿಗೆ ಬಂದಿತು. ಒಪ್ಪಂದವನ್ನು ಅಂಗೀಕರಿಸಿದ ದೇಶಗಳನ್ನು ‘ಪಕ್ಷಗಳು’ ಎಂದೂ ಅವುಗಳ ಸಭೆಯನ್ನು ‘ಪಕ್ಷಗಳ ಸಮ್ಮೇಳನ’, ಸಂಕ್ಷೇಪವಾಗಿ ‘ಕಾಪ್’, ಎಂದೂ ಕರೆಯಲಾಗುತ್ತದೆ. ಮೊದಲ ಕಾಪ್ 1995ರಲ್ಲಿ ಬರ್ಲಿನ್‌ನಲ್ಲಿ ನಡೆಯಿತು. ಎಂಟನೆಯದಕ್ಕೆ 2002ರಲ್ಲಿ ದೆಹಲಿಯೇ ಆತಿಥ್ಯ ವಹಿಸಿತು.

ಸಮ್ಮೇಳನದ ಬಾಗಿಲಿಗೆ ಬಂದವರ ಕೊರಳಲ್ಲಿ ತೂಗುವ ಗುರುತುಬಿಲ್ಲೆಯೇ ಅವರ ಅಧಿಕಾರದ ಮಿತಿಯನ್ನು ಹೇಳುತ್ತದೆ. ದೇಶದ ಪ್ರತಿನಿಧಿಗೆ ರಾಷ್ಟ್ರದ ಅಥವಾ ಸರಕಾರದ ಮುಖ್ಯಸ್ಥರು, ಇಲ್ಲವೆ ವಿದೇಶಾಂಗ ಸಚಿವರು ನೀಡಿದ ಅಧಿಕಾರಪತ್ರ ಬೇಕು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ‘ವೀಕ್ಷಕ’ರಾಗಿ ಬರಬಹುದು, ಆದರೆ ಹಾಜರಿರುವ ದೇಶಗಳಲ್ಲಿ ಮೂರನೆಯ ಒಂದು ಭಾಗ ಆಕ್ಷೇಪಿಸಿದರೆ ಅವುಗಳಿಗೆ ಪ್ರವೇಶವಿಲ್ಲ. ಆರಂಭದಲ್ಲಿ ಪರಿಸರ ಸಂಘಟನೆಗಳು ಮತ್ತು ಉದ್ಯಮ ಸಂಘಗಳಷ್ಟೇ ಗುಂಪುಗಳಾಗಿದ್ದ ವೀಕ್ಷಕರಲ್ಲಿ ಮುಂದೆ ಸ್ಥಳೀಯ ಸಂಸ್ಥೆಗಳು, ಮೂಲನಿವಾಸಿಗಳು, ಸಂಶೋಧಕರು, ಕಾರ್ಮಿಕ ಸಂಘಗಳು, ಮಹಿಳೆಯರು, ಯುವಜನರು, ರೈತರು ಸೇರಿ ಇಂದು ಒಂಬತ್ತು ಬಳಗಗಳಾಗಿವೆ. ಮತ ಹಾಕಿ ತೀರ್ಮಾನಿಸುವ ನಿಯಮಕ್ಕೆ ಇಂದಿಗೂ ಸಮ್ಮತಿ ದೊರೆಯದೆ ಎಲ್ಲವೂ ಒಮ್ಮತದಿಂದಲೇ ಆಗಬೇಕಾಗಿರುವುದರಿಂದ, ಸಭೆಯಲ್ಲಿ ಕುಳಿತ ದೇಶದ ಪ್ರತಿನಿಧಿಯ ಒಂದೊಂದು ಮಾತಿಗೂ ತೂಕವಿದೆ.

ಬಾಗಿಲು ಅಗಲವಾದಂತೆ ನೂಕುನುಗ್ಗಲೂ ಬೆಳೆಯಿತು. ಚಿಕ್ಕಮಗಳೂರಿನಲ್ಲಿ ಜನಿಸಿದ ಜೈರಾಮ್ ರಮೇಶ್ ಪರಿಸರ ಸಚಿವರಾಗಿ ಭಾರತದ ಪರ ಮಾತುಕತೆಯಾಡಿದ 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ, ಸುಮಾರು 15,000 ಮಂದಿಗಷ್ಟೇ ಸ್ಥಳವಿದ್ದ ಸಭಾಭವನಕ್ಕೆ 40,000ಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರಿಂದ, ಬಂದವರು ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಯಿತು. ಕೊನೆಯ ದಿನಗಳಲ್ಲಿ ವೀಕ್ಷಕರ ಪ್ರವೇಶವನ್ನೇ ಬಹುಮಟ್ಟಿಗೆ ತಡೆಯಲಾಯಿತು. ಬರ್ಲಿನ್‌ನಲ್ಲಿ 4,000ದಷ್ಟಿದ್ದ ಸಂಖ್ಯೆ 2023ರ ದುಬೈನಲ್ಲಿ 80,000ವನ್ನು ದಾಟಿತು.

ಇಂಥ ಸಮ್ಮೇಳನದಲ್ಲಿ ಬದಲಾದ ಒಂದು ಪದ ಎಷ್ಟು ದೂರ ತಲುಪಬಲ್ಲದೆಂಬುದಕ್ಕೆ 2021ರ ಗ್ಲಾಸ್ಗೋ ಕಾಪ್ ಸಾಕ್ಷಿಯಾಗಿದೆ. ಕಲ್ಲಿದ್ದಲಿನ ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವ’ ಕರಡು ವಾಕ್ಯವನ್ನು ಭಾರತದ ಒತ್ತಾಯದ ಮೇರೆಗೆ ಕೊನೆಯ ಗಳಿಗೆಯಲ್ಲಿ ‘ತಗ್ಗಿಸುವ’ ಎಂದು ತಿದ್ದಲಾಯಿತು. ಅದೇ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು, ಎಂದರೆ ವಾತಾವರಣಕ್ಕೆ ಬಿಟ್ಟಷ್ಟು ಇಂಗಾಲವನ್ನು ಮರಳಿ ಹೀರಿಕೊಳ್ಳುವ ಸ್ಥಿತಿಯನ್ನು, ಸಾಧಿಸುವುದಾಗಿ ಘೋಷಿಸಿತು. ಸೊಲ್ಲಾಪುರದ ಸಮೀಪದಲ್ಲಿಯೇ 660 ಮೆಗಾವಾಟ್‌ಗಳ ಎರಡು ಘಟಕಗಳುಳ್ಳ, ಸರಕಾರಿ ವಿದ್ಯುತ್ ಸಂಸ್ಥೆ ಎನ್‌ಟಿಪಿಸಿಯ ಕಲ್ಲಿದ್ದಲು ಸ್ಥಾವರವಿರುವಾಗ, ಈ ಎರಡು ಪದಗಳ ನಡುವಿನ ಅಂತರ ಇಲ್ಲಿಯವರಿಗೆ ಬರಿಯ ವ್ಯಾಕರಣದ ವಿಷಯವಲ್ಲ.

ಆದರೂ ಈ ಅಂತರವನ್ನು ಕುರಿತು ಮಗ್ಗದ ಮುಂದೆ ನಿಂತವರು ಏನು ಬಲ್ಲರೆಂದು ಕೇಳುವ ಏರ್ಪಾಡು ಆ ಸಭೆಯಲ್ಲಿಲ್ಲ. ಸಮ್ಮೇಳನದ ಪೂರ್ಣ ಸಭೆಗಳ ಅನುವಾದ ದೊರೆಯುವುದು ಅರಬ್ಬಿ, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಮಾತ್ರ. ಅನೌಪಚಾರಿಕ ಸಂಧಾನಗಳಂತೂ ಬಹುತೇಕ ಇಂಗ್ಲಿಷಿನಲ್ಲೇ ಸಾಗುತ್ತವೆ. ಕಾರ್ಮಿಕ ಸಂಘಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ತೆರೆದ ಬಾಗಿಲು ಅಕ್ಕಲಕೋಟ ರಸ್ತೆಯ ದುಡಿಮೆಗಾರರಿಗೂ ಸಲ್ಲಬೇಕಾದರೆ, ನಿಯೋಗವು ದೆಹಲಿಯಿಂದ ಹೊರಡುವ ಮೊದಲೇ ಅವರ ಅಹವಾಲು ಅವರವರ ನುಡಿಯಲ್ಲಿ ದಾಖಲಾಗಬೇಕು, ಮರಳಿದ ಮೇಲೆ ಅಲ್ಲಿಯ ತೀರ್ಮಾನಗಳು ಕನ್ನಡ, ಮರಾಠಿ, ತೆಲುಗು, ಉರ್ದುಗಳಲ್ಲಿ ಅವರಿಗೆ ತಲುಪಬೇಕು. ಮಗ್ಗದವರ ಮಾತನ್ನು ಹೊತ್ತು ಹೋದ ಪ್ರತಿನಿಧಿ ಮಾತ್ರ ಅವರ ಪ್ರತಿನಿಧಿಯೆನಿಸಿಕೊಳ್ಳಬಲ್ಲ.