ಹನಿ ನಿಲ್ಲುವ ಗಳಿಗೆ

ನವೆಂಬರ್ ಬಂತೆಂದರೆ ಆದೋನಿಯಲ್ಲಿ ಹತ್ತಿಯದೇ ದರಬಾರು. ಆಲೂರು, ಹೊಳಗುಂದ, ಕೌತಾಳಂ, ಎಮ್ಮಿಗನೂರು ಕಡೆಯ ಎರೆಹೊಲಗಳಿಂದಷ್ಟೇ ಅಲ್ಲ, ಗಡಿಯಾಚೆಯ ಸಿರುಗುಪ್ಪ, ರಾಯಚೂರು ಕಡೆಯಿಂದಲೂ ಹೊಟ್ಟೆ ಉಬ್ಬಿಸಿಕೊಂಡ ಗಾಡಿಗಳು ಬಂದು ಮಾರುಕಟ್ಟೆ ಯಾರ್ಡಿಗೆ ಸಾಲುಗಟ್ಟುತ್ತವೆ. ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಬೇರೆ, ಅರಳೆ ಬೇರೆ ಆಗುತ್ತದೆ. ಕಾಳು ಎಣ್ಣೆ ಗಿರಣಿಗೆ ಹೋದರೆ, ಅರಳೆ 170 ಕಿಲೋದ ಬೇಲಾಗಿ ತಮಿಳುನಾಡಿನ ನೂಲಿನ ಗಿರಣಿಗಳ ದಾರಿ ಹಿಡಿಯುತ್ತದೆ. ಎಲ್ಲಿಗೇ ಹೋಗಲಿ, ಲಾರಿಯೇ ಗತಿ. ಹಾಗಾಗಿ ಸುಗ್ಗಿ ಹತ್ತಿಯವರಿಗೆ ಮಾತ್ರ ಅಲ್ಲ, ಊರ ಹೊರಗಿನ ರಸ್ತೆಯ ಪಕ್ಕ ತಗಡು ಹೊದಿಸಿಕೊಂಡು ಕೂತಿರುವ ಡೀಸೆಲ್ ಪಂಪಿನ ಮೇಸ್ತ್ರಿಗಳಿಗೂ.

ಅಂಥದೊಂದು ಶೆಡ್ಡು. ಬೋರ್ಡು ತೆಲುಗಿನಲ್ಲಿ, ಬೈಗುಳ ದಖನಿಯಲ್ಲಿ, ಚೌಕಾಸಿ ಕನ್ನಡದಲ್ಲಿ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿದವು. ನೆಲದ ಮೇಲೆ ಗೆರೆ ಬಿತ್ತೇ ಹೊರತು ಲಾರಿಯವರ ಮಾತಿನ ಮೇಲೆ ಬೀಳಲಿಲ್ಲ.

ಡ್ರೈವರು ಇಳಿಯುತ್ತಲೇ ತಕರಾರು ತೆಗೆಯುತ್ತಾನೆ. “ಉಸ್ತಾದ್, ಗಾಡಿ ಎಳೀವಲ್ದು. ಆವರೇಜೂ ಬಿದ್ದೈತಿ. ಟೈಮಿಂಗ್ ಒಂಚೂರು ಮುಂದಕ್ಕ ಇಡ್ರಿ.”

“ಟೈಮಿಂಗ್ ಆಮ್ಯಾಲ ನೋಡಾಣ. ಮೊದ್ಲು ಫಿಲ್ಟರ್ ತಗಿಯಪ್ಪ.”

ಏರ್ ಫಿಲ್ಟರ್ ಹೊರಬರುತ್ತದೆ. ಕಾಗದದ ಮಡಿಕೆ ಮಡಿಕೆಯಲ್ಲೂ ಬೂದುಬಣ್ಣದ ನಯವಾದ ನಾರು. ಮಿಲ್ಲಿನ ಅಂಗಳದಲ್ಲಿ ದಿನವಿಡೀ ಎಂಜಿನ್ ಆರಿಸದೆ ನಿಂತ ಗಾಡಿ ಗಾಳಿಯ ಜೊತೆ ಅರಳೆಯನ್ನೂ ಕುಡಿದಿದೆ. ರೇಡಿಯೇಟರಿನ ಜಾಲರಿಗೂ ಅದೇ ಹೊದಿಕೆ. ಗಾಳಿ ಸಾಲದ ಎಂಜಿನ್ ಕರಿಹೊಗೆ ಕಾರುತ್ತದೆ. ಟೈಮಿಂಗ್ ಹಿಂದೆ ಬಿದ್ದ ಎಂಜಿನ್ನೂ ಲೋಡಿನಲ್ಲಿ ಕರಿಹೊಗೆಯನ್ನೇ ಕಾರುತ್ತದೆ. ಹೊಗೆ ನೋಡಿ ರೋಗ ಹೇಳುವವರು ಎಡವುವುದು ಇಲ್ಲೇ. ನನ್ನ ಕೇಳಿದರೆ, ಮೈಲೇಜ್ ಬಿದ್ದ ಲಾರಿಗಳಲ್ಲಿ ಟೈಮಿಂಗಿನ ಮೇಲೆ ಹೊರಿಸುವ ಅಪವಾದದ ದೊಡ್ಡ ಪಾಲು ಫಿಲ್ಟರು, ಸವೆದ ನಾಝಲ್ಲು, ಗಾಳಿ ಇಳಿದ ಟೈರುಗಳಿಗೆ ಸೇರಬೇಕು.

ಹಾಗೆಂದು ಟೈಮಿಂಗ್ ಸಣ್ಣ ಮಾತಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಿ ಕಾಯಿಸುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ಸಿಂಪಡಿಸಿದ ಕೂಡಲೇ ಅಲ್ಲ. ಹನಿ ಒಡೆದು, ಆವಿಯಾಗಿ, ಗಾಳಿಯಲ್ಲಿ ಬೆರೆತು ಉರಿಯಲು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಬೇಕು. ನಿಮಿಷಕ್ಕೆ 1500 ಸುತ್ತು ತಿರುಗುವ ಕ್ರ್ಯಾಂಕು ಸೆಕೆಂಡಿಗೆ 9000 ಡಿಗ್ರಿ ತಿರುಗುತ್ತದೆ. ಎಂದರೆ ಆ ಒಂದು ಸಾವಿರಾಂಶ ಕಳೆಯುವಷ್ಟರಲ್ಲಿ ಒಂಬತ್ತು ಡಿಗ್ರಿ ದಾಟಿರುತ್ತದೆ. ಅದಕ್ಕೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಡೀಸೆಲ್ ಬೀಳಬೇಕು. ಎಷ್ಟು ಮೊದಲು ಎಂಬುದನ್ನು ಆಯಾ ಎಂಜಿನ್ ಮಾಡಿದವರು ಡಿಗ್ರಿಯಲ್ಲಿ ಬರೆದಿರುತ್ತಾರೆ. ಅದೇ ಟೈಮಿಂಗ್.

ನಾಗರಪಂಚಮಿಯ ಜೋಕಾಲಿ ತೂಗಿದವರಿಗೆ ಇದು ಗೊತ್ತು. ಜೋಕಾಲಿ ಇನ್ನೂ ನಮ್ಮ ಕಡೆ ಬರುತ್ತಿರುವಾಗ ನೂಕಿದರೆ ಕೈ ನೋಯುತ್ತದೆ, ದೂರ ಹೋದ ಮೇಲೆ ನೂಕಿದರೆ ಕೈಗೆ ಸಿಗುವುದಿಲ್ಲ. ಉರಿಯ ಒತ್ತಡವೂ ಪಿಸ್ಟನ್ ತುದಿ ಮುಟ್ಟಿ ತುಸುವೇ ಕೆಳಗಿಳಿದಾಗ ಜೋರಾಗಬೇಕು. ತಡವಾಗಿ ಉರಿದರೆ ಪಿಸ್ಟನ್ ಆಗಲೇ ಇಳಿದುಹೋಗಿರುತ್ತದೆ. ಚಕ್ರಕ್ಕೆ ಹೋಗಬೇಕಾದ ಶಾಖ ಸೈಲೆನ್ಸರಿನಿಂದ ಹೊರಬೀಳುತ್ತದೆ, ದುಡ್ಡಿನ ಸಮೇತ. ತೀರಾ ಬೇಗ ಉರಿದರೆ ಏರುತ್ತಿರುವ ಪಿಸ್ಟನ್ನಿಗೇ ಏಟು. ಎಂಜಿನ್ ಕಟಕಟ ನಾಕಿಂಗ್ ಹೊಡೆಯುತ್ತದೆ, ಹೆಡ್ ಗ್ಯಾಸ್ಕೆಟ್ಟು, ಬೇರಿಂಗು ಸವೆಯುತ್ತವೆ.

ಫಿಲ್ಟರ್ ಬದಲಿಸಿದ ಮೇಲೂ ಗಾಡಿ ಏಳಲಿಲ್ಲವಾದರೆ ಮೇಸ್ತ್ರಿ ಟೈಮಿಂಗ್ ಹಿಡಿಯಲು ಕೂರುತ್ತಾನೆ. ಇದು ನೋಡುವಂಥ ಕೆಲಸ. ಹಳೆಯ ಆರು ಸಿಲಿಂಡರಿನ ಎಂಜಿನ್. ಪಕ್ಕದಲ್ಲಿ ಉದ್ದಕ್ಕೆ ಕೂತು ನಾಝಲ್ಲುಗಳಿಗೆ ಡೀಸೆಲ್ ಒತ್ತುವುದು ಮೈಕೋ ಪಂಪು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಶೆಡ್ಡುಗಳಲ್ಲಿ ಅದು ಇನ್ನೂ ಮೈಕೋನೇ. ಜರ್ಮನಿಯ ಬಾಷ್ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಒಳಗಿನ ಕಸುಬು ಅಂದಿನಿಂದ ಬಹಳವೇನೂ ಬದಲಾಗಿಲ್ಲ.

ಹುಡುಗನೊಬ್ಬ ಸನ್ನೆಗೋಲು ಕೊಟ್ಟು ಫ್ಲೈವೀಲ್ ತಿರುಗಿಸುತ್ತಾನೆ. ಮೇಸ್ತ್ರಿಯ ಕಣ್ಣು ಆರನೇ ಸಿಲಿಂಡರಿನ ವಾಲ್ವುಗಳ ಮೇಲೆ. ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವ ಆ ತೂಗಾಟ ಕಂಡಿತೆಂದರೆ ಒಂದನೇ ಸಿಲಿಂಡರ್ ಕಂಪ್ರೆಶನ್ನಿನ ತುದಿಯಲ್ಲಿದೆ ಎಂದರ್ಥ. ಪಂಪಿನ ಒಂದನೇ ಬಾಯಿ ಬಿಚ್ಚಿ, ಡೆಲಿವರಿ ವಾಲ್ವು, ಸ್ಪ್ರಿಂಗು ತೆಗೆದು ಚಿಂದಿಬಟ್ಟೆಯ ಮೇಲೆ ಇಡುತ್ತಾನೆ. ಅಲ್ಲಿ ಕೊಕ್ಕರೆ ಕತ್ತಿನಂತೆ ಬಾಗಿದ ಪುಟ್ಟ ಪೈಪು ಕೂರುತ್ತದೆ. ಫ್ಲೈವೀಲನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, ಕೈಪಂಪು ಒತ್ತಿದರೆ ಪೈಪಿನ ತುದಿಯಿಂದ ಡೀಸೆಲ್ ಎಳೆಯಾಗಿ ಸುರಿಯುತ್ತದೆ.

“ಈಗ ಮುಂದಕ್ಕ. ನಿಧಾನ. ಇನ್ನೂ ನಿಧಾನಲೇ!”

ಎಳೆ ತೆಳ್ಳಗಾಗುತ್ತದೆ. ಕಡಿದು ಹನಿಯಾಗುತ್ತದೆ. ಹನಿ ಹನಿಯ ನಡುವೆ ಬಿಡುವು ಬೆಳೆಯುತ್ತದೆ. ಕೊನೆಯ ಹನಿ ಪೈಪಿನ ತುದಿಯಲ್ಲಿ ದಪ್ಪಗೆ ನಿಂತು, ಬೀಳಲೋ ಬೇಡವೋ ಎಂದು ತೂಗಿ, ಬೀಳದೆ ಉಳಿಯುತ್ತದೆ. “ಬಸ್!” ಪಂಪಿನೊಳಗೆ ಪ್ಲಂಜರ್ ಮೇಲೇರಿ ಡೀಸೆಲ್ ಬರುವ ರಂಧ್ರ ಮುಚ್ಚಿದ್ದು ಈ ಗಳಿಗೆಯಲ್ಲೇ, ಓಡುವಾಗ ನಾಝಲ್ಲಿಗೆ ಒತ್ತಡ ಹೊರಡುವುದೂ ಇಲ್ಲಿಂದಲೇ. ಮೇಸ್ತ್ರಿ ಬ್ಯಾಟರಿ ಬಿಟ್ಟು ಬೆಲ್ ಹೌಸಿಂಗಿನ ಕಿಂಡಿಯಲ್ಲಿ ಇಣುಕುತ್ತಾನೆ. ಫ್ಲೈವೀಲಿನ ಗುರುತು ಮುಳ್ಳಿನ ನೇರಕ್ಕಿಲ್ಲ, ಆಗಲೇ ದಾಟಿಹೋಗಿದೆ. ಟೈಮಿಂಗ್ ತಡ. ಗೇರು, ಕಪ್ಲಿಂಗು, ಪಂಪಿನ ರೋಲರು ಸವೆದ ಹಾಗೆಲ್ಲ ಅದು ಹಿಂದಕ್ಕೇ ಜಾರುವುದು. ಕಪ್ಲಿಂಗಿನ ಬೋಲ್ಟು ಸಡಿಲಿಸಿ, ಉದ್ದನೆಯ ಕಿಂಡಿಯಲ್ಲಿ ಕೂದಲೆಳೆಯಷ್ಟು ಸರಿಸಿ ಮತ್ತೆ ಬಿಗಿ ಮಾಡುತ್ತಾನೆ. ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿ ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು. ಅವಸರದ ಕೈಗೆ ಒಗ್ಗದ ಕೆಲಸ.

ಇದರಿಂದ ಉಳಿಯುವುದೆಷ್ಟು? ತಿಂಗಳಿಗೆ ಸಾವಿರ ಲೀಟರ್ ಕುಡಿಯುವ ಗಾಡಿಯಲ್ಲಿ ನೂರಕ್ಕೆ ಮೂರು ಪಾಲು ಉಳಿಯಿತೆನ್ನಿ, ಮೂವತ್ತು ಲೀಟರ್. ಮೂರು ಸಾವಿರ ರೂಪಾಯಿಯ ಆಸುಪಾಸು. ಇನ್ನೂ ಮುಂದಕ್ಕೆ ಇಟ್ಟರೆ ಇನ್ನೂ ಉಳಿಯುತ್ತದೆ ಎಂಬುದು ಡ್ರೈವರುಗಳ ಆಸೆ. ಆದರೆ ಸರಿಯಾದ ಡಿಗ್ರಿಯ ಹತ್ತಿರ ಬಂದ ಮೇಲೆ ಒಂದರ್ಧ ಡಿಗ್ರಿ ಆಚೀಚೆಗೆ ಮೈಲೇಜಿನಲ್ಲಿ ಗುರುತು ಹಿಡಿಯುವಂಥ ವ್ಯತ್ಯಾಸ ಬರುವುದಿಲ್ಲ. ಅದನ್ನು ದಾಟಿದರೆ ನಾಕಿಂಗ್ ಅಷ್ಟೇ ಲಾಭ.

ಬರೀ ನಾಕಿಂಗೂ ಅಲ್ಲ. ಬೇಗ ಉರಿದಷ್ಟೂ ಬೆಂಕಿಯ ಕಾವು ಹೆಚ್ಚು, ಕಾವು ಹೆಚ್ಚಿದಷ್ಟೂ ಗಾಳಿಯ ನೈಟ್ರೋಜನ್ ಸುಟ್ಟು ಎದೆಗೆ ಕೇಡಾದ ಆಕ್ಸೈಡುಗಳಾಗುತ್ತವೆ. ಕಣ್ಣಿಗೆ ಹೊಗೆ ಕಡಿಮೆ, ಮೂಗಿಗೆ ವಿಷ ಜಾಸ್ತಿ. ಹೊಗೆಯ ಕಾನೂನು ಬಿಗಿಯಾದಂತೆ ಎಂಜಿನ್ ಮಾಡುವವರು ಟೈಮಿಂಗನ್ನು ಬೇಕೆಂದೇ ಹಿಂದಕ್ಕೆ ಇಡಬೇಕಾಯಿತು. ಹಾಗೆ ಕಳೆದ ಮೈಲೇಜನ್ನು ಇಂಜೆಕ್ಷನ್ನಿನ ಒತ್ತಡ ಏರಿಸಿ ಅಷ್ಟಿಷ್ಟು ವಾಪಸು ಪಡೆದರು. ಕೆಲವರು ಅಡ್ಡದಾರಿಯನ್ನೂ ಹಿಡಿದರಂತೆ. ಅಮೆರಿಕದಲ್ಲಿ ಲಾರಿ ಎಂಜಿನ್ ತಯಾರಿಸುವ ಏಳು ಕಂಪನಿಗಳ ಮೇಲೆ ಬಂದ ಆರೋಪ ಇಂಥದ್ದೇ: ಪರೀಕ್ಷೆಯ ಹೊತ್ತಿನಲ್ಲಿ ಒಂದು ಟೈಮಿಂಗ್, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಮೈಲೇಜಿಗಾಗಿ ಮುಂದಿಟ್ಟ ಇನ್ನೊಂದು ಟೈಮಿಂಗ್. 1998ರಲ್ಲಿ 8 ಕೋಟಿ 34 ಲಕ್ಷ ಡಾಲರ್ ದಂಡಕ್ಕೆ ಒಪ್ಪಿ ರಾಜಿಯಾದರು. ಆದೋನಿಯ ಡ್ರೈವರು ಬಾಯಿಬಿಟ್ಟು ಕೇಳುವುದನ್ನೇ ಅವರು ಕಂಪ್ಯೂಟರಿನಲ್ಲಿ ಬಚ್ಚಿಟ್ಟಿದ್ದರಂತೆ.

ದೇಶದಾದ್ಯಂತ 2017ರ ಏಪ್ರಿಲ್‌ನಲ್ಲಿ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮಗಳು ಬಂದ ಮೇಲೆ ಹೊಸ ಗಾಡಿಗಳಿಗೆ ಡೀಸೆಲ್ ಟ್ಯಾಂಕಿನ ಜೊತೆ ಇನ್ನೊಂದು ಪುಟ್ಟ ಟ್ಯಾಂಕು ಬಂತು. ಅದರಲ್ಲಿ ನೂರಕ್ಕೆ 32.5 ಪಾಲು ಯೂರಿಯಾ ಬೆರೆತ ಶುದ್ಧ ನೀರು. ಎಂಜಿನ್ನಿನಿಂದ ಹೊರಬಿದ್ದ ವಿಷವನ್ನು ಸೈಲೆನ್ಸರಿನ ಹಾದಿಯಲ್ಲೇ ಅದು ತೊಳೆಯುತ್ತದೆ. ಹೊರಗೆ ತೊಳೆಯುವವರು ಇದ್ದುದರಿಂದ ಒಳಗೆ ಟೈಮಿಂಗನ್ನು ಮತ್ತೆ ಮುಂದಕ್ಕೆ ತರಲು ಧೈರ್ಯ ಬಂತು. ನನಗೆ ಈ ಉಪಾಯ ತುಂಬ ಹಿಡಿಸಿದೆ. ಹತ್ತಿ ಹೊಲಕ್ಕೆ ತಂದ ಯೂರಿಯಾ ಚೀಲದಿಂದ ಒಂದು ಬೊಗಸೆ ಕಲಸಿ ಹುಯ್ದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು; ಅದಕ್ಕೆ ಬೇವಿನೆಣ್ಣೆ ಸವರಿರುತ್ತದೆ, ಒಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ.

ಹೊಸ ಗಾಡಿಯ ಬಾನೆಟ್ ಎತ್ತಿದರೆ ಮೇಸ್ತ್ರಿಗೆ ಸರಿಸಲು ಕಪ್ಲಿಂಗೇ ಇಲ್ಲ. ಕಾಮನ್ ರೈಲಿನಲ್ಲಿ ಡೀಸೆಲ್ ಸದಾ ಒತ್ತಡದಲ್ಲಿ ಕಾದಿರುತ್ತದೆ. ಯಾವಾಗ, ಎಷ್ಟು, ಎಷ್ಟು ಸಲ ಬೀಳಬೇಕೆಂದು ಸೆನ್ಸರ್ ನೋಡಿ ಪೆಟ್ಟಿಗೆಯೊಂದು ಗಳಿಗೆಗಳಿಗೆಗೂ ತೀರ್ಮಾನಿಸುತ್ತದೆ. ಮೇಸ್ತ್ರಿಯೂ ಒಂದು ಸ್ಕ್ಯಾನರ್ ತಂದಿಟ್ಟುಕೊಂಡಿದ್ದಾನೆ, ಧೂಳು ಕೂರದಂತೆ ಪ್ಲಾಸ್ಟಿಕ್ ಸುತ್ತಿ.

ಹಳೆಯ ಲಾರಿ ಸ್ಟಾರ್ಟ್ ಆಗುತ್ತದೆ. ಹೊಗೆ ತೆಳು, ಸದ್ದು ದುಂಡಗೆ. ಡ್ರೈವರು ಆಕ್ಸಿಲರೇಟರ್ ಒತ್ತಿ ಕೇಳಿ, “ಇನ್ನೊಂದೀಟು ಮುಂದಕ್ಕ ಇಟ್ಟಿದ್ರ ಚಲೋ ಇತ್ತು” ಎನ್ನುತ್ತಾನೆ.

“ಬ್ಯಾಡಪ್ಪ. ಬಳ್ಳಾರಿ ಕಡಿ ಲೋಡ್ ಸಿಕ್ಕಾಗ ಗಡಿ ದಾಟಿ ಟ್ಯಾಂಕ್ ತುಂಬ್ಸು. ಲೀಟರಿಗೆ ಐದ್ ರೂಪಾಯಿ ಉಳೀತು ಅಂತ ಹಿಡಿ, ಸಾವಿರ ಲೀಟರಿಗೆ ಐದ್ ಸಾವಿರ. ನನ್ನ ಪಾನಾಕ್ಕಿಂತ ನಿಮ್ಮ ಕರ್ನಾಟಕದ ಬಂಕೇ ಜಾಸ್ತಿ ಆವರೇಜ್ ಕೊಡ್ತೈತಿ.”

“ಹಂಗಾದ್ರ ನಿಮ್ಗ್ಯಾಕ ಕೂಲಿ?”

ಚೌಕಾಸಿ ಶುರುವಾಯಿತು, ಕನ್ನಡದಲ್ಲೇ.