ಓಟವೋ, ಎಸೆತವೋ?

ಖಾನಾಪುರದ ಮಳೆಗೆ ಜುಲೈನಲ್ಲಿ ಕೆಂಪು ಮಣ್ಣಿನ ಮೈದಾನವೆಲ್ಲ ರಾಡಿ. ನೆಲಕ್ಕೊತ್ತಿ ಕೊಟ್ಟ ಪಾಸು ನಾಲ್ಕು ಮಾರು ಉರುಳಿ ನಿಂತುಬಿಡುತ್ತದೆ. ಆಗ ನಮ್ಮ ಶಾಲೆಯ ಫುಟ್‌ಬಾಲ್ ಹುಡುಗರಿಗೆ ಚೆಂಡನ್ನು ಎತ್ತಿ ಹೊಡೆಯಲು ಹೇಳುತ್ತೇನೆ. ಅವರೇ ಬೆಳಗಾವಿಯ ಟಿಳಕವಾಡಿಗೆ ಹೋಗಿ ಒಣಗಿದ ಲೇಲೆ ಮೈದಾನಕ್ಕಿಳಿದರೆ ಸಣ್ಣ ಸಣ್ಣ ಪಾಸುಗಳ ಆಟ. ನೆಲ, ಹವೆ, ಉಳಿದ ಹೊತ್ತು ನೋಡಿಯೇ ತಂತ್ರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅದಕ್ಕೇ ಆ ಆಟ ನನಗೆ ಅಷ್ಟು ಇಷ್ಟ.

ಅಲ್ಲಿ ಚೆಂಡು ಕೈಯಲ್ಲಿರುತ್ತದೆ. ತಂಡಕ್ಕೆ 11 ಜನ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಒಂದೊಂದು ಯತ್ನವೂ ಒಂದು ‘ಡೌನ್’. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಕೊಡಬಹುದು, ಇಲ್ಲವೇ ಮುಂದೆ ಓಡಿದ ಜೊತೆಗಾರನಿಗೆ ಎಸೆಯಬಹುದು. ಓಟದಲ್ಲಿ ಸರಾಸರಿ ನಾಲ್ಕು ಗಜದ ಆಸುಪಾಸು ಸಿಕ್ಕರೆ ಎಸೆತದಲ್ಲಿ ಏಳರ ಆಸುಪಾಸು. ಆದರೆ ಎಸೆದದ್ದು ನೆಲಕ್ಕೆ ಬಿದ್ದರೆ ಡೌನ್ ವ್ಯರ್ಥ, ಎದುರಾಳಿ ಹಿಡಿದರೆ ಚೆಂಡೇ ಹೋಯಿತು.

1906ರವರೆಗೆ ಮುಂದಕ್ಕೆ ಎಸೆಯಲು ಅನುಮತಿಯೇ ಇರಲಿಲ್ಲ. ಗುಂಪುಗುಂಪಾಗಿ ನುಗ್ಗುವ ಆಟದಲ್ಲಿ ಹುಡುಗರು ಸಾಯತೊಡಗಿದಾಗ, 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೇ ಕರೆಸಿದ್ದರು. ಮರುವರ್ಷ ನಿಯಮ ಬದಲಾಗಿ ಎಸೆತಕ್ಕೆ ಅನುಮತಿ ಸಿಕ್ಕಿತು.

ಇವತ್ತು ಎಸೆತದ್ದೇ ಮೇಲುಗೈ. ಆದರೂ ಓಟ ಬಲ್ಲ ತಂಡದ ಎಸೆತಕ್ಕೇ ಹೆಚ್ಚು ಬೆಲೆ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟಂತೆ ನಟಿಸುತ್ತಾನೆ. ಓಟಗಾರ ಬರಿಗೈಯಲ್ಲೇ ಬಗ್ಗಿ ನುಗ್ಗುತ್ತಾನೆ. ಕಾವಲುಗಾರರು ಅವನನ್ನು ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅವರ ಬೆನ್ನಹಿಂದೆ ಜಾಗ ತೆರೆಯುತ್ತದೆ. ಚೆಂಡು ಅಲ್ಲಿಗೆ ಹೋಗುತ್ತದೆ.

ಆ ಆಟದ ವಾರ್ಷಿಕ ಅಂತಿಮ ಪಂದ್ಯವಾದ 2015ರ ಸೂಪರ್ ಬೌಲ್‌ನ ಕೊನೆಯ ತುಣುಕನ್ನು ಮೊಬೈಲ್‌ನಲ್ಲಿ ನೋಡಿದ ಹುಡುಗನೊಬ್ಬ ಕೇಳಿದ: “ಸರ್, ಒಂದ ಗಜ ಉಳದಿತ್ತಲ್ಲರೀ, ಓಡೂದು ಬಿಟ್ಟು ಯಾಕ ಒಗದ್ರು?” ಸಿಯಾಟಲ್ ತಂಡ ನಾಲ್ಕು ಅಂಕ ಹಿಂದಿತ್ತು, ಗೋಲ್ ಗೆರೆಗಿದ್ದ ಆ ಒಂದು ಗಜ ದಾಟಿದರೆ ಮುನ್ನಡೆ. ಮಾರ್ಷಾನ್ ಲಿಂಚ್‌ನಂಥ ಓಟಗಾರನೂ ಇದ್ದ. ಆದರೂ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ, ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ನಡುವೆ ನುಗ್ಗಿ ಹಿಡಿದ. ಪಂದ್ಯ 28-24ಕ್ಕೆ ಮುಗಿಯಿತು.

ಜಗತ್ತೆಲ್ಲ ಬೈದ ಆ ನಿರ್ಧಾರದ ಪರ ನಾನು ನಿಲ್ಲುತ್ತೇನೆ. ಉಳಿದದ್ದು 26 ಸೆಕೆಂಡು, ಮೂರು ಡೌನ್, ಗಡಿಯಾರ ನಿಲ್ಲಿಸಲು ಒಂದೇ ಟೈಮ್‌ಔಟ್. ಓಟಗಾರ ಮೈದಾನದ ನಡುವೆ ಸಿಕ್ಕಿಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆತ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಒಮ್ಮೆ ಎಸೆದರಷ್ಟೇ ಮೂರೂ ಯತ್ನಗಳಿಗೆ ಧಾರಾಳ ಹೊತ್ತು. ತಪ್ಪಿದ್ದು ಜಾಗದ ಆಯ್ಕೆ: ಜನ ಕಿಕ್ಕಿರಿದ ನಡುವಿಗೆ ಎಸೆಯಬಾರದಿತ್ತು, ಅಂಚಿಗೆ ಎಸೆಯಬೇಕಿತ್ತು.

ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಬರುತ್ತದೆ. ಎದ್ದು ನೋಡುವವರು ಚೆಂಡಿಗಿಂತ ಮೊದಲು ಪರದೆಯ ಮೇಲಿನ ಡೌನ್ ಮತ್ತು ಗಡಿಯಾರ ನೋಡಿ.