ಸದ್ದಿಗೆ ಅವಸರವಿದೆ, ಆದರೆ ತಿಜೋರಿಯ ಕೀಲಿ ಬೇಡ

ಲಿನಕ್ಸ್ ಇರುವ ಕಂಪ್ಯೂಟರಿಗೆ ಮೈಕ್ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಹಾಡಿದವರಿಗೆ ಎರಡು ತೊಂದರೆಗಳು ಗೊತ್ತಿರುತ್ತವೆ. ಒಂದು, ನಮ್ಮ ದನಿ ನಮಗೇ ತಡವಾಗಿ ಕೇಳುವುದು. ಇನ್ನೊಂದು, ನಡುನಡುವೆ ಪಟಪಟ ಸದ್ದು ಬಂದು ರೆಕಾರ್ಡಿಂಗ್ ಕೆಡುವುದು. ಹೊಸ ಕಂಪ್ಯೂಟರ್ ಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಬೇಕಾಗಿರುವುದು ಹಣವಲ್ಲ, ಅನುಮತಿ. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ಇಜಾಜತ್.

ಮೊದಲು ಲೆಕ್ಕ ನೋಡೋಣ. ಕಂಪ್ಯೂಟರ್ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಮಾದರಿಗಳಾಗಿ ಅಳೆಯುತ್ತದೆ. ಅವುಗಳನ್ನು ಒಂದೊಂದಾಗಿ ಅಲ್ಲ, ಬಫರ್ ಎಂಬ ಬುಟ್ಟಿಯಲ್ಲಿ ತುಂಬಿ ಸಾಗಿಸುತ್ತದೆ. ಬುಟ್ಟಿಯಲ್ಲಿ 1024 ಮಾದರಿ ಹಿಡಿಸಿದರೆ ಅದು ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. ಒಳಗೆ ಬರಲು ಒಂದು ಬುಟ್ಟಿ, ಹೊರಗೆ ಹೋಗಲು ಇನ್ನೊಂದು ಎಂದು ಹಿಡಿದರೂ ಸುಮಾರು 43 ಮಿಲಿಸೆಕೆಂಡ್ ತಡ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿನಲ್ಲಿ ಸುಮಾರು 15 ಮೀಟರ್ ಹೋಗುತ್ತದೆ. ಅಂದರೆ ಅಷ್ಟು ದೂರದಲ್ಲಿ ನಿಂತವರ ತಾಳಕ್ಕೆ ಹಾಡಿದ ಹಾಗೆ. ಬುಟ್ಟಿಯನ್ನು 128ಕ್ಕೆ ಇಳಿಸಿದರೆ ತಡ ಸುಮಾರು 5 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಹಾಗಾದರೆ ಎಲ್ಲರೂ ಬುಟ್ಟಿ ಚಿಕ್ಕದು ಮಾಡಿಕೊಳ್ಳಬಹುದಲ್ಲ? ಚಿಕ್ಕ ಬುಟ್ಟಿ ಬೇಗ ಬರಿದಾಗುತ್ತದೆ. ಅದನ್ನು ತುಂಬಬೇಕಾದ ಹೊತ್ತಿಗೆ ಪ್ರೊಸೆಸರ್ ಬ್ರೌಸರಿನ ಕೆಲಸದಲ್ಲೋ ಅಪ್‌ಡೇಟಿನ ಕೆಲಸದಲ್ಲೋ ಮುಳುಗಿದ್ದರೆ ಸದ್ದು ತುಂಡಾಗುತ್ತದೆ. ಪಟಪಟ ಎನ್ನುವುದು ಅದೇ. ಆದ್ದರಿಂದ ಸದ್ದಿನ ಕೆಲಸಕ್ಕೆ ಸರತಿಯಲ್ಲಿ ಮುಂದೆ ಹೋಗುವ ಹಕ್ಕು ಬೇಕು. ಇದಕ್ಕೆ ರಿಯಲ್‌ಟೈಮ್ ಆದ್ಯತೆ ಎಂದು ಹೆಸರು. ಅದರ ಅಂಕಿ 1ರಿಂದ 99ರವರೆಗೆ. ಜೊತೆಗೆ ತನ್ನ ಮೆಮೊರಿಯನ್ನು ಡಿಸ್ಕಿಗೆ ಸರಿಸಬಾರದು ಎಂದು ಹಿಡಿದಿಟ್ಟುಕೊಳ್ಳುವ ಹಕ್ಕೂ ಬೇಕು. ಸಾಮಾನ್ಯ ಬಳಕೆದಾರನಿಗೆ ಲಿನಕ್ಸ್ ಮೊದಲನೆಯದನ್ನು ಕೊಡುವುದಿಲ್ಲ, ಎರಡನೆಯದನ್ನು ಸ್ವಲ್ಪವೇ ಕೊಡುತ್ತದೆ. ಮುಂದೆ ನುಗ್ಗಿದ ಪ್ರೋಗ್ರಾಮ್ ಹಾದಿ ತಪ್ಪಿದರೆ ಉಳಿದೆಲ್ಲ ಕೆಲಸ ನಿಂತುಹೋಗಬಹುದು ಎಂಬ ಎಚ್ಚರಿಕೆ ಅದು.

ಕೆಲವರು ಸುಲಭದ ದಾರಿ ಹಿಡಿದು ರೆಕಾರ್ಡಿಂಗ್ ಪ್ರೋಗ್ರಾಮನ್ನೇ ರೂಟ್ ಆಗಿ ಓಡಿಸುತ್ತಾರೆ. ನಾವು ಕಾಮರ್ಸಿನವರು ಚಿಲ್ಲರೆ ನಗದು ಪುಸ್ತಕ ಓದಿದ್ದೇವೆ. ಚಿಲ್ಲರೆ ಖರ್ಚು ನೋಡುವವನಿಗೆ ಮುಖ್ಯ ಕ್ಯಾಷಿಯರ್ ತಿಜೋರಿಯ ಕೀಲಿ ಕೊಡುವುದಿಲ್ಲ. ಗೊತ್ತಾದ ಕೆಲಸಕ್ಕೆ ಗೊತ್ತಾದ ಮೊತ್ತ ಕೊಡುತ್ತಾನೆ. ರೂಟ್ ಅಂದರೆ ತಿಜೋರಿಯ ಕೀಲಿ. ಹಾಡು ರೆಕಾರ್ಡ್ ಮಾಡಲು ಅದು ಬೇಡ.

ಸರಿಯಾದ ಕ್ರಮ ಹೀಗಿದೆ. ಇಲ್ಲಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಮೊದಲು 'ಯೂಲಿಮಿಟ್ -ಆರ್' ಕೊಟ್ಟು ನೋಡಿ. 0 ಬಂದರೆ ನಿಮ್ಮ ಖಾತೆಗೆ ನೇರ ಹಕ್ಕಿಲ್ಲ ಎಂದರ್ಥ. ಆದರೂ ಈಗಿನ ಉಬುಂಟು, ಫೆಡೋರಾಗಳಲ್ಲಿ ಪೈಪ್‌ವೈರ್ ಎಂಬ ಧ್ವನಿ ವ್ಯವಸ್ಥೆಯು ಆರ್‌ಟಿಕಿಟ್ ಎಂಬ ಸಹಾಯಕನ ಮೂಲಕ ಸ್ವಲ್ಪ ಆದ್ಯತೆ ಪಡೆಯಬಲ್ಲದು. ಅಷ್ಟರಲ್ಲೇ ಸದ್ದು ಶುಚಿಯಾಗಿದ್ದರೆ ಏನನ್ನೂ ಮುಟ್ಟಬೇಡಿ.

ಸಾಲದಿದ್ದರೆ ಒಂದು ಗುಂಪಿಗೆ ಹಕ್ಕು ಕೊಡಬೇಕು. ಇಟಿಸಿ ಫೋಲ್ಡರಿನಲ್ಲಿ ಸೆಕ್ಯುರಿಟಿ, ಅದರೊಳಗೆ ಲಿಮಿಟ್ಸ್ ಡಾಟ್ ಡಿ ಎಂಬ ಫೋಲ್ಡರ್ ಇದೆ. ಅಲ್ಲಿ ಕಾನ್ಫ್ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ ಎರಡು ಸಾಲು ಬರೆಯಬೇಕು:

@ರಿಯಲ್‌ಟೈಮ್ - ಆರ್‌ಟಿಪ್ರಿಯೋ 95
@ರಿಯಲ್‌ಟೈಮ್ - ಮೆಮ್‌ಲಾಕ್ 2097152

ಮೊದಲ ಸಾಲು ಆದ್ಯತೆಯ ಮಿತಿ. ಎರಡನೆಯದು ಮೆಮೊರಿಯ ಮಿತಿ. ಲೆಕ್ಕ ಕಿಲೋಬೈಟಿನಲ್ಲಿ, ಅಂದರೆ 2 ಜಿಬಿ. ಆಮೇಲೆ 'ಗ್ರೂಪ್‌ಆಡ್' ಆದೇಶದಿಂದ ರಿಯಲ್‌ಟೈಮ್ ಗುಂಪು ಮಾಡಿ, 'ಯೂಸರ್‌ಮಾಡ್ -ಎಜಿ' ಆದೇಶದಿಂದ ನಿಮ್ಮ ಹೆಸರು ಸೇರಿಸಿ. ಇದರಲ್ಲಿ ಮೊದಲ ಅಕ್ಷರ ಚಿಕ್ಕ ಎ, ಎರಡನೆಯದು ದೊಡ್ಡ ಜಿ. ಆ ಚಿಕ್ಕ ಎ ಬಿಟ್ಟುಹೋದರೆ ಹೊಸ ಗುಂಪಿಗೆ ಸೇರುತ್ತೀರಿ, ಆದರೆ ಹಳೆಯ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತೀರಿ. ಸುಡೋ ಗುಂಪೂ ಅದರಲ್ಲಿ ಹೋಗಬಹುದು! ಈ ಮೂರೂ ಕೆಲಸಗಳನ್ನು ಯಂತ್ರದ ಆಡಳಿತ ನೋಡುವವರೇ ಮಾಡಬೇಕು. ಮಿತಿಗಳನ್ನು ಕಂಪ್ಯೂಟರ್ ಓದುವುದು ಲಾಗಿನ್ ಆಗುವಾಗ. ಆದ್ದರಿಂದ ಮರುಚಾಲನೆ ಮಾಡಿ, ಮತ್ತೆ 'ಯೂಲಿಮಿಟ್ -ಆರ್' ಕೊಡಿ. 95 ಬಂದರೆ ಕೆಲಸ ಆಯಿತು.

ಹಳೆಯ ಮಾರ್ಗದರ್ಶಿಗಳು ಇದೇ ಹಕ್ಕನ್ನು 'ಆಡಿಯೋ' ಗುಂಪಿಗೆ ಕೊಡಿ ಎನ್ನುತ್ತವೆ. ಮನೆಯಲ್ಲಿ ಒಬ್ಬರೇ ಬಳಸುವ ಯಂತ್ರವಾದರೆ ನಡೆಯುತ್ತದೆ. ಹಲವರು ಬಳಸುವ ಲ್ಯಾಬಿನಲ್ಲಿ ಯೋಚಿಸಬೇಕು. ಆ ಗುಂಪಿನವರಿಗೆ ಧ್ವನಿ ಸಾಧನಗಳೇ ನೇರವಾಗಿ ತೆರೆದಿರುತ್ತವೆ. ಬೇರೆ ಯಂತ್ರದಿಂದ ಲಾಗಿನ್ ಆದರೂ ಆ ಹಕ್ಕು ಇರುತ್ತದೆ. ಅಂದರೆ ಈ ಕಂಪ್ಯೂಟರಿನ ಮುಂದೆ ಇನ್ನೊಬ್ಬ ವಿದ್ಯಾರ್ಥಿನಿ ಕೂತಿರುವಾಗ ಅವಳ ಮೈಕನ್ನು ಎಲ್ಲಿಂದಲೋ ಕೇಳಿಸಿಕೊಳ್ಳಬಹುದು. ಪ್ರತ್ಯೇಕ ಗುಂಪು ಸರತಿಯ ಹಕ್ಕು ಕೊಡುತ್ತದೆ, ಇನ್ನೊಬ್ಬರ ಮಾತು ಕೇಳುವ ಹಕ್ಕು ಕೊಡುವುದಿಲ್ಲ. ಆರ್ಚ್ ಲಿನಕ್ಸ್ ಕೂಡ ಇದಕ್ಕೆ ರಿಯಲ್‌ಟೈಮ್ ಎಂಬ ಬೇರೆ ಗುಂಪನ್ನೇ ಬಳಸುತ್ತದೆ.

ಇಷ್ಟಾದರೂ ಪ್ರೋಗ್ರಾಮ್ ಹಾದಿ ತಪ್ಪಿದರೆ? ಕರ್ನಲ್ ತನ್ನದೇ ಒಂದು ಮಿತಿ ಇಟ್ಟುಕೊಂಡಿದೆ. ಸಾಮಾನ್ಯ ಹೊಂದಿಕೆಯಲ್ಲಿ ರಿಯಲ್‌ಟೈಮ್ ಕೆಲಸಗಳಿಗೆ ಪ್ರತಿ ಸೆಕೆಂಡಿನಲ್ಲಿ ಸಿಗುವುದು 0.95 ಸೆಕೆಂಡ್ ಮಾತ್ರ. ಉಳಿದ 0.05 ಮಿಕ್ಕವರದು. ಕೆಟ್ಟ ಪ್ರೋಗ್ರಾಮನ್ನು ನಿಲ್ಲಿಸಲು ಆ ಸಂದು ಸಾಕಾಗಬಹುದು.

ಲ್ಯಾಬಿನಲ್ಲಿ ರೆಕಾರ್ಡ್ ಮಾಡಬೇಕು ಎನ್ನುವವರು ಲ್ಯಾಬಿನ ಮೇಷ್ಟ್ರ ಹತ್ತಿರ ಪಾಸ್‌ವರ್ಡ್ ಕೇಳಬೇಡಿ. ಈ ಎರಡು ಸಾಲು ತೋರಿಸಿ, ನಿಮ್ಮ ಹೆಸರನ್ನು ಗುಂಪಿಗೆ ಸೇರಿಸಲು ಕೇಳಿ. ಎಷ್ಟು ಬೇಕೋ ಅಷ್ಟನ್ನೇ ಕೇಳಿದವರಿಗೆ ಕೊಡಲು ಯಾರೂ ಅಷ್ಟು ಹಿಂಜರಿಯುವುದಿಲ್ಲ.